ರಾಧಾಕೃಷ್ಣನ್ ಅವರ ಕುಂಡಲಿ ಮತ್ತು ನಾನು ಬರೆದ ಜೂನ್ 1

ಮಾನ್ಯ ಸಂಪಾದಕರೇ,

ಶಿಕ್ಷಕರ ದಿನದ ನಿಮ್ಮ ಪುರವಣಿಯಲ್ಲಿ ಡಾ. ಸರ್ವೆಪಲ್ಲಿ ರಾಧಾಕೃಷ್ಣನ್ ಅವರ ಜಾತಕ ಬಂದಿತ್ತು. ಹನ್ನೆರಡು ಮನೆಯ ಕುಂಡಲಿ, ಪಕ್ಕದಲ್ಲಿ ಬಿಳಿ ಪೇಟದ ಅವರ ಫೋಟೋ. ಯಾವ ಗ್ರಹ ಅವರನ್ನು ತತ್ತ್ವಜ್ಞಾನಿ ಮಾಡಿತು, ಯಾವುದು ಮೇಷ್ಟ್ರು ಮಾಡಿತು, ಯಾವುದು ರಾಷ್ಟ್ರಪತಿ ಭವನಕ್ಕೆ ಕರೆದೊಯ್ದಿತು ಎಂದು ಕೆಳಗೆ ವಿವರಣೆ. ಇಂಥ ಯೋಗ ಇದ್ದವರು ಮಾತ್ರ ಇಂಥ ಗುರು ಆಗುತ್ತಾರೆ ಎಂಬ ಮಾತು ಕೊನೆಯಲ್ಲಿತ್ತು. ಅದನ್ನು ಓದಿ ಪತ್ರಿಕೆ ಮಡಚಿಟ್ಟೆ. ರಾತ್ರಿ ಮತ್ತೆ ತೆಗೆದು ಓದಿದೆ. ಮೂರು ದಿನವಾದರೂ ಮನಸ್ಸಿಂದ ಹೋಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ಮೈಸೂರು ಜಿಲ್ಲೆಯ ಹಳ್ಳಿಗಳಲ್ಲಿ 34 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು. 2017ರಲ್ಲಿ ಮುಖ್ಯ ಶಿಕ್ಷಕಿಯಾಗಿ ನಿವೃತ್ತಿಯಾದೆ. ನಮ್ಮಪ್ಪ ಊರಿನ ಪುರೋಹಿತರು. ಜಾತಕ ಬರೆಯುತ್ತಿದ್ದರು. ನಾನು ಬೆಳೆದದ್ದೇ ಒಂಟಿಕೊಪ್ಪಲ್ ಪಂಚಾಂಗದ ಪುಟ ತಿರುವುತ್ತ. ಹಾಗಾಗಿ ಜ್ಯೋತಿಷ್ಯ ನಿಜವೋ ಸುಳ್ಳೋ ಎಂಬ ಜಗಳಕ್ಕೆ ಈ ಪತ್ರವಲ್ಲ. ಆ ಜಗಳ ನಮ್ಮ ಮನೆಯಲ್ಲೇ ಬೇಕಾದಷ್ಟು ಆಗಿದೆ.

ನಮ್ಮಪ್ಪನ ಒಂದು ಪದ್ಧತಿ ಹೇಳುತ್ತೇನೆ. ಯಾರಾದರೂ ಮಗುವಿನ ಜಾತಕ ಬರೆಸಲು ಬಂದರೆ ಅವರು ಮೊದಲು ಕೇಳುತ್ತಿದ್ದದ್ದು ತಾರೀಕಲ್ಲ. "ಗಳಿಗೆ ನೋಡಿದವರು ಯಾರು?" ಎಂದು ಕೇಳುತ್ತಿದ್ದರು. ಸೂಲಗಿತ್ತಿ ಹೇಳಿದಳಾ, ಮನೆಯಲ್ಲಿ ಗಡಿಯಾರ ಇತ್ತಾ, ಅದು ಸರಿಯಾಗಿ ನಡೀತಿತ್ತಾ? "ಕೋಳಿ ಕೂಗೋ ಹೊತ್ತು ಸ್ವಾಮಿ" ಅಂದರೆ ತಲೆ ಆಡಿಸಿ, "ಕೋಳಿ ಎರಡು ಗಂಟೆಯಿಂದ ಬೆಳಕು ಹರಿಯೋವರೆಗೂ ಕೂಗುತ್ತೆ ಕಣಪ್ಪಾ. ಅಷ್ಟರಲ್ಲಿ ಲಗ್ನ ಎರಡು ಸಲ ಬದಲಾಗುತ್ತೆ" ಅನ್ನುತ್ತಿದ್ದರು. ಲಗ್ನ ಅಂದರೆ ಇಲ್ಲಿ ಮದುವೆಯಲ್ಲ, ಹುಟ್ಟಿದ ಗಳಿಗೆಯಲ್ಲಿ ಪೂರ್ವದಲ್ಲಿ ಮೂಡುತ್ತಿರುವ ರಾಶಿ. ಅದು ಹೆಚ್ಚೂಕಡಿಮೆ ಎರಡು ಗಂಟೆಗೊಮ್ಮೆ ಮುಂದಿನ ರಾಶಿಗೆ ಹೋಗುತ್ತದೆ. ಲಗ್ನ ಜರುಗಿದರೆ ಹನ್ನೆರಡು ಮನೆಯೂ ಜರುಗುತ್ತವೆ. ವಿದ್ಯೆಯ ಮನೆ ಎಲ್ಲಿ, ಭಾಗ್ಯದ ಮನೆ ಎಲ್ಲಿ ಎಂದು ಹೇಳಲು ಆಗುವುದೇ ಇಲ್ಲ. ಗಳಿಗೆ ಗೊತ್ತಿಲ್ಲದವರಿಗೆ ಅಪ್ಪ ರಾಶಿ, ನಕ್ಷತ್ರ ಮಾತ್ರ ಬರೆದು ಲಗ್ನದ ಜಾಗ ಖಾಲಿ ಬಿಡುತ್ತಿದ್ದರು. ಅರಿಶಿನ ಹಚ್ಚಿದ ಹಾಳೆಯಲ್ಲಿ ಆ ಒಂದು ಜಾಗ ಬರಿದಾಗಿ ಕಾಣುತ್ತಿತ್ತು. ಕೆಲವರಿಗೆ ಬೇಜಾರು. "ಏನಾದ್ರೂ ಒಂದು ಹಾಕಿಕೊಡಿ" ಅನ್ನುವರು. ಅಪ್ಪ ಹಾಕುತ್ತಿರಲಿಲ್ಲ. ಅವರು ದಕ್ಷಿಣೆ ತೆಗೆದುಕೊಂಡು ಬದುಕಿದವರು. ಹಾಕಿಕೊಟ್ಟಿದ್ದರೆ ನಾಲ್ಕು ಕಾಸು ಜಾಸ್ತಿ ಬರುತ್ತಿತ್ತು. ಆದರೂ ಹಾಕಲಿಲ್ಲ.

ನಿಮ್ಮ ಪುರವಣಿಯ ಕುಂಡಲಿಯಲ್ಲಿ ಲಗ್ನ ತುಂಬಿತ್ತು. ಹುಟ್ಟಿದ ಹೊತ್ತು ಎಷ್ಟು, ಅದು ಎಲ್ಲಿ ಸಿಕ್ಕಿತು ಎಂದು ಇಡೀ ಪುಟದಲ್ಲಿ ಎಲ್ಲೂ ಇರಲಿಲ್ಲ.

ಹೊತ್ತಿನ ಮಾತು ಹಾಗಿರಲಿ. ದಿನದ ಮೇಲೇ ಅನುಮಾನ ಇದೆ. ರಾಧಾಕೃಷ್ಣನ್ ತಿರುತ್ತಣಿಯಲ್ಲಿ 1888ರ ಸೆಪ್ಟೆಂಬರ್ 5ರಂದು ಹುಟ್ಟಿದರು ಎಂದು ನಾನೂ 34 ವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ಭಾಷಣ ಬರೆದುಕೊಟ್ಟಿದ್ದೇನೆ. ಆದರೆ ಅವರ ಮಗ, ಇತಿಹಾಸಕಾರ ಸರ್ವೆಪಲ್ಲಿ ಗೋಪಾಲ್, 1989ರಲ್ಲಿ ಬಂದ ತಂದೆಯ ಜೀವನಚರಿತ್ರೆಯಲ್ಲಿ ಬೇರೆ ಮಾತು ಬರೆದಿದ್ದಾರೆ. 1888ರ ಸೆಪ್ಟೆಂಬರ್ 5 ದಾಖಲೆಯ ದಿನ. ತಾವು ನಿಜಕ್ಕೂ ಹುಟ್ಟಿದ್ದು 1887ರ ಸೆಪ್ಟೆಂಬರ್ 20ರಂದು ಎಂದು ರಾಧಾಕೃಷ್ಣನ್ ಅವರೇ ನಂಬಿದ್ದರು. ಒಂದು ವರ್ಷದಷ್ಟು ವ್ಯತ್ಯಾಸ! ಹುಟ್ಟಿದವರೇ ಒಂದು ದಿನ ಹೇಳುತ್ತಾರೆ, ದಾಖಲೆ ಇನ್ನೊಂದು ಹೇಳುತ್ತದೆ. ಇದರಲ್ಲಿ ಯಾವ ದಿನಕ್ಕೆ ಕುಂಡಲಿ ಹಾಕೋದು?

ನನ್ನ ತಮ್ಮನ ಮಗನಿಗೆ ಹೇಳಿ ಎರಡೂ ದಿನದ ಗ್ರಹಸ್ಥಿತಿ ಕಂಪ್ಯೂಟರಿನಲ್ಲಿ ತೆಗೆಸಿದೆ. ಅಪ್ಪನ ಹಳೆಯ ನೋಟುಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕೂತೆ.

1888ರ ಸೆಪ್ಟೆಂಬರ್ 5, ಬುಧವಾರ. ಸೂರ್ಯ, ಚಂದ್ರ ಇಬ್ಬರೂ ಸಿಂಹದಲ್ಲಿ. ಗುರು ವೃಶ್ಚಿಕದಲ್ಲಿ. ಅವತ್ತು ಕೃಷ್ಣಪಕ್ಷದ ಚತುರ್ದಶಿ ಮುಗಿದು ಅಮಾವಾಸ್ಯೆ ಹಿಡಿಯುವ ದಿನ. ನಕ್ಷತ್ರವೂ ಅಷ್ಟೇ, ಮಖೆ ಮುಗಿದು ಪುಬ್ಬೆ ಹಿಡಿಯುತ್ತದೆ. ದಶೆ ಅಂದರೆ ಬದುಕಿನಲ್ಲಿ ಒಂದೊಂದು ಗ್ರಹದ ಪಾಲಿಗೆ ಬರುವ ಕಾಲ. ಮಖೆಯಾದರೆ ಕೇತು ದಶೆಯಲ್ಲಿ ಜನನ, ಪುಬ್ಬೆಯಾದರೆ ಶುಕ್ರ ದಶೆ. ಒಂದೇ ದಿನದೊಳಗೆ ಇಡೀ ಬದುಕಿನ ದಶೆಯ ಲೆಕ್ಕ ಹಿಂದೆ ಮುಂದೆ ಆಗುತ್ತದೆ.

1887ರ ಸೆಪ್ಟೆಂಬರ್ 20, ಮಂಗಳವಾರ. ಸೂರ್ಯ ಕನ್ಯೆಯಲ್ಲಿ. ಚಂದ್ರ ತುಲೆಯಲ್ಲಿ, ಗುರುವೂ ತುಲೆಯಲ್ಲೇ. ಪಕ್ಷ ಶುಕ್ಲ. ರಾಶಿ ಬೇರೆ, ನಕ್ಷತ್ರ ಬೇರೆ, ತಿಥಿ ಬೇರೆ. ನಮ್ಮೂರ ಭಾಷೆಯಲ್ಲಿ ಹೇಳಬೇಕೆಂದರೆ ಇವೆರಡು ಎರಡು ಬೇರೆ ಮಕ್ಕಳ ಜಾತಕ.

ನಿಮ್ಮ ಲೇಖನ ತುಂಬ ಒತ್ತು ಕೊಟ್ಟಿದ್ದು ಗಜಕೇಸರಿ ಯೋಗಕ್ಕೆ. ಚಂದ್ರ ಇರುವ ಮನೆಯಿಂದ ಎಣಿಸಿದರೆ 1, 4, 7 ಅಥವಾ 10ನೇ ಮನೆಯಲ್ಲಿ ಗುರು ಇರಬೇಕು, ಆಗ ಗಜಕೇಸರಿ. 1888ರ ಲೆಕ್ಕಕ್ಕೆ ಸಿಂಹದಿಂದ ವೃಶ್ಚಿಕ ನಾಲ್ಕನೇ ಮನೆ. ಯೋಗ ಇದೆ. 1887ರ ಲೆಕ್ಕಕ್ಕೆ ಚಂದ್ರ, ಗುರು ಒಂದೇ ಮನೆಯಲ್ಲಿ. ಆಗಲೂ ಇದೆ. ಇದನ್ನು ನೋಡಿ ಮೊದಲು ನನಗೂ ರೋಮಾಂಚನವಾಯಿತು, ಸುಳ್ಳು ಹೇಳಲ್ಲ. ಎರಡು ದಿನಕ್ಕೂ ಅದೇ ಯೋಗ ಬಂತಲ್ಲ ಎಂದು. ಆಮೇಲೆ ಕೂತು ಎಣಿಸಿದೆ. ಹನ್ನೆರಡು ಮನೆಯಲ್ಲಿ ನಾಲ್ಕು ಮನೆಗೆ ಈ ಯೋಗ ಬರುತ್ತದೆ. ಅಂದರೆ ಮೂರು ಮಕ್ಕಳಲ್ಲಿ ಒಂದು ಮಗುವಿಗೆ ಇದ್ದೇ ಇರುತ್ತದೆ. ಗುರು ನೀಚ ರಾಶಿಯಲ್ಲಿ ಬಲಗುಂದಿರಬಾರದು, ಸೂರ್ಯನಿಗೆ ತೀರ ಹತ್ತಿರವಾಗಿ ಅಸ್ತನಾಗಿರಬಾರದು ಎಂದು ಅಪ್ಪ ಇನ್ನೂ ಬಿಗಿ ಮಾಡುತ್ತಿದ್ದರು. ಬಿಗಿ ಮಾಡಿದರೂ 40 ಮಕ್ಕಳ ತರಗತಿಯಲ್ಲಿ ಹತ್ತು ಮಕ್ಕಳಿಗಾದರೂ ಸಿಗುತ್ತದೆ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಹತ್ತು ಗಜಕೇಸರಿಗಳು ಕೂತಿದ್ದವು. ಅವರಲ್ಲಿ ಎಷ್ಟು ಮಂದಿಗೆ ಹೊಟ್ಟೆ ತುಂಬ ಊಟ ಇತ್ತು, ಎಷ್ಟು ಮಂದಿಗೆ ಸ್ಲೇಟು ಇತ್ತು ಎಂಬುದು ನನಗೆ ಗೊತ್ತು.

ಇನ್ನೊಂದನ್ನು ನಿಮ್ಮ ಲೇಖನ ಹೇಳಲೇ ಇಲ್ಲ. ಸೆಪ್ಟೆಂಬರ್ 5 ಅಂತಲೇ ಇಟ್ಟುಕೊಳ್ಳೋಣ. ಕೃಷ್ಣ ಚತುರ್ದಶಿಯಲ್ಲಿ ಮಗು ಹುಟ್ಟಿದರೆ ದೋಷ ಕಳೆಯಲಿ ಎಂದು ಜನನ ಶಾಂತಿ ಮಾಡಿಸುತ್ತಾರೆ. ಅಮಾವಾಸ್ಯೆಯಲ್ಲಿ ಹುಟ್ಟಿದರೂ ಮಾಡಿಸುತ್ತಾರೆ. ನಮ್ಮಪ್ಪನೇ ಎಷ್ಟೋ ಮಾಡಿಸಿದ್ದಾರೆ. ನಮ್ಮ ಕಡೆ ಅಮಾವಾಸ್ಯೆ ಮಗು ಅಂದರೆ ಅತ್ತೆಮನೆಯವರ ಮುಖ ಸಪ್ಪಗಾಗುತ್ತದೆ. ಬಾಣಂತಿ ಹೆದರಿಕೊಂಡು ಮಲಗಿರುತ್ತಾಳೆ. ರಾಷ್ಟ್ರಪತಿಯಾದವರ ಜಾತಕ ಅಂತ ಗೊತ್ತಿದ್ದಾಗ ಆ ತಿಥಿ ಯಾರ ಕಣ್ಣಿಗೂ ಬೀಳಲ್ಲ. ಅದೇ ತಿಥಿಯಲ್ಲಿ ಕೂಲಿಯವರ ಮನೆಯಲ್ಲಿ ಹೆಣ್ಣುಮಗು ಹುಟ್ಟಿದರೆ ಮೊದಲು ಕಣ್ಣಿಗೆ ಬೀಳೋದೇ ಅದು.

ಈಗ ನನ್ನ ಮಾತಿಗೆ ಬರುತ್ತೇನೆ. ಇದನ್ನು ನಾನು ಇಷ್ಟು ವರ್ಷ ಎಲ್ಲೂ ಬರೆದಿಲ್ಲ.

ದಾಖಲೆಯ ದಿನ ಬೇರೆ, ಹುಟ್ಟಿದ ದಿನ ಬೇರೆ ಎಂಬುದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಶಾಲೆಯ ದಾಖಲಾತಿ ಪುಸ್ತಕ. ಉದ್ದದ ದಪ್ಪ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಕ್ರಮ ಸಂಖ್ಯೆ, ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಆಮೇಲೆ ಹುಟ್ಟಿದ ದಿನಾಂಕ, ಅಂಕಿಯಲ್ಲೂ ಅಕ್ಷರದಲ್ಲೂ. ತಿದ್ದುವಂತಿಲ್ಲ. ನಮ್ಮ ಕಾಲದಲ್ಲಿ ಹಳ್ಳಿಯಲ್ಲಿ ಜನನ ಪತ್ರ ಹಿಡಿದುಕೊಂಡು ಬಂದವರು ಬಹಳ ಕಡಿಮೆ. "ಯಾವಾಗ ಹುಟ್ಟಿದ್ದು?" ಅಂತ ಕೇಳಿದರೆ ತಾಯಂದಿರು ಹೇಳುತ್ತಿದ್ದದ್ದು ತಾರೀಕಲ್ಲ. "ಊರಬ್ಬಕ್ಕೆ ಇನ್ನೂ ವಾರ ಇತ್ತು", "ರಾಗಿ ಕಣದಲ್ಲಿತ್ತು", "ಕೆರೆ ಕೋಡಿ ಬಿದ್ದ ವರ್ಷ". ಅದನ್ನೆಲ್ಲ ಆ ಕಾಲಂನಲ್ಲಿ ಬರೆಯಲು ಜಾಗ ಇರಲಿಲ್ಲ. ಒಂದನೇ ತರಗತಿಗೆ ವಯಸ್ಸು ತುಂಬಿರಬೇಕು, ಶಾಲೆ ಶುರುವಾಗೋದು ಜೂನ್‌ನಲ್ಲಿ. ಮೇಷ್ಟ್ರುಗಳು ಎಣಿಸಿ ಜೂನ್ 1 ಅಂತ ಹಾಕುತ್ತಿದ್ದರು. ನಾನೂ ಹಾಕಿದೆ. ನಮ್ಮ ರಾಜ್ಯದಲ್ಲಿ ಜೂನ್ 1ರಂದು ಹುಟ್ಟುಹಬ್ಬ ಇರುವವರನ್ನು ಎಣಿಸಿ ನೋಡಿ, ನಿಮ್ಮ ಕಚೇರಿಯಲ್ಲೇ ಇಬ್ಬರು ಮೂವರು ಸಿಗಬಹುದು. ಆ ಮಕ್ಕಳನ್ನೆಲ್ಲ ಆ ದಿನ ಹುಟ್ಟಿಸಿದವರು ನಾವೇ. ಆ ದಿನಾಂಕ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಗೆ, ಪಿಂಚಣಿಗೆ ಹೋಗುತ್ತದೆ. ಯಾರೂ ಮತ್ತೆ ಕೇಳುವುದಿಲ್ಲ.

1990ರ ಜೂನ್. ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. "ಇಂದ್ರಮ್ಮ ಹೋದ್ರಲ್ಲ, ಆ ವರ್ಸ ಅವರೆಕಾಯಿ ಕಾಲ್ದಲ್ಲಿ" ಅಂದರು. ಇಂದಿರಾ ಗಾಂಧಿ ತೀರಿಕೊಂಡದ್ದು 1984ರ ಅಕ್ಟೋಬರ್ 31ಕ್ಕೆ. ಅವರೆಕಾಯಿ ಕಾಲ ಅಂದರೆ ಡಿಸೆಂಬರ್, ಜನವರಿ. ಹಾಗೆ ನೋಡಿದರೆ ಮಗುವಿಗೆ ಐದೂವರೆ. ವಯಸ್ಸು ಸಾಲದು. ಒಂದು ವರ್ಷ ಕಾಯಿಸಿದರೆ ಮತ್ತೆ ಕಳಿಸುತ್ತಾರೋ ಇಲ್ಲವೋ. ಹುಡುಗಿ ಬಾಗಿಲ ಹತ್ತಿರ ನಿಂತು ಗೋಡೆಯ ಮೇಲಿನ ಅಕ್ಷರಗಳನ್ನು ಬೆರಳಲ್ಲಿ ಗಾಳಿಯಲ್ಲಿ ತಿದ್ದುತ್ತಿದ್ದಳು. ನಾನು ಪೆನ್ನು ತೆಗೆದು 1-6-1984 ಎಂದು ಬರೆದೆ. ಅಕ್ಷರದಲ್ಲೂ ಬರೆದೆ. ಹುಡುಗಿ ಒಳಗೆ ಬಂದು ಕೂತಳು. ಅವತ್ತು ಒಳ್ಳೆಯ ಕೆಲಸ ಮಾಡಿದೆ ಅಂತಲೇ ಅಂದುಕೊಂಡಿದ್ದೆ. ಈಗಲೂ ಆ ಭಾಗದ ಮಟ್ಟಿಗೆ ಹಾಗೇ ಅಂದುಕೊಳ್ಳುತ್ತೇನೆ.

ಚುರುಕು ಹುಡುಗಿ. ಏಳನೇ ತರಗತಿಯಲ್ಲಿ ಶಾಲೆಗೇ ಮೊದಲು. 1997ರ ಬೇಸಿಗೆಯಲ್ಲಿ ಟಿ.ಸಿ. ತೆಗೆದುಕೊಳ್ಳಲು ಯಾರೂ ಬರಲಿಲ್ಲ. ನಾನೇ ಮನೆಗೆ ಹೋದೆ. ಅವಳ ಅಪ್ಪ ಒಳಗಿಂದ ಒಂದು ಹಾಳೆ ತಂದು ಕೊಟ್ಟರು. ಪೇಟೆಯಲ್ಲಿ ಮಾಡಿಸಿದ ಕಂಪ್ಯೂಟರ್ ಜಾತಕ. ಎರಡೂ ಅಂಚಿಗೆ ತೂತು ಇರುವ ಉದ್ದನೆಯ ಕಾಗದ, ಮಸುಕು ಅಕ್ಷರ. ವಿದ್ಯಾಭಂಗ ಎಂಬ ಪದದ ಕೆಳಗೆ ಯಾರೋ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದರು. ಮೇಲೆ ನೋಡಿದೆ. ಜನ್ಮ ದಿನಾಂಕ 1-6-1984. ಜನನ ಸಮಯ ಬೆಳಗ್ಗೆ 6 ಗಂಟೆ. "ಟೈಮು ಯಾರು ಹೇಳಿದ್ದು?" ಅಂದೆ. "ಗೊತ್ತಿಲ್ಲ ಅಂದ್ವಿ. ಅಂಗಡಿಯೋರೇ ಹಾಕೊಂಡ್ರು" ಅಂದರು.

ಕಾಲು ನಡುಗಿತು. ಜಗುಲಿಯ ಮೇಲೆ ಕೂತು ಹೇಳಿದೆ. "ಈ ತಾರೀಕು ನಾನು ಬರೆದದ್ದು. ಶಾಲೆಗೆ ಸೇರಿಸಲು ಬರೆದದ್ದು. ಇದು ನಿಮ್ಮ ಮಗಳು ಹುಟ್ಟಿದ ದಿನ ಅಲ್ಲ. ಈ ಜಾತಕ ಇವಳದ್ದಲ್ಲ." ಅವರು ನನ್ನ ಮುಖವನ್ನೇ ನೋಡಿದರು. ಗೌರವದಿಂದಲೇ ಕೇಳಿದರು, "ಸರ್ಕಾರದ ಪುಸ್ತಕದಲ್ಲಿ ಬರ್ದಿದ್ದು ಸುಳ್ಳಾಯ್ತದಾ ಮೇಡಂ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಜಾತಕ ಒಂದೇ ಕಾರಣ ಅಂತ ನಾನು ಹೇಳಲ್ಲ. ಹೈಸ್ಕೂಲು 6 ಕಿಲೋಮೀಟರ್ ದೂರ ಇತ್ತು. ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಕೆಳಗೆ ಇನ್ನಿಬ್ಬರು ಮಕ್ಕಳು. ಆದರೆ ಆ ಅಪ್ಪ ಅನುಮಾನದಲ್ಲಿದ್ದರು, ಕಳಿಸಲೋ ಬೇಡವೋ ಎಂದು. ಆ ಹಾಳೆ ಅವರ ಅನುಮಾನ ತೆಗೆಯಿತು. ಹುಡುಗಿ ಎಂಟನೇ ತರಗತಿಗೆ ಹೋಗಲಿಲ್ಲ. ನಮ್ಮಪ್ಪ ಆಗ ಬದುಕಿದ್ದರು. ಹೋಗಿ ಎಲ್ಲವನ್ನೂ ಹೇಳಿದೆ. ಸುಮಾರು ಹೊತ್ತು ಸುಮ್ಮನಿದ್ದು, "ಗಳಿಗೆ ಕೇಳದೆ ಬರೆದವನ ತಪ್ಪು ದೊಡ್ಡದು, ದಿನ ಗೊತ್ತಿಲ್ಲದೆ ಬರೆದ ನಿನ್ನ ತಪ್ಪು ಅದಕ್ಕಿಂತ ಸಣ್ಣದೇನಲ್ಲ" ಅಂದರು. ಆ ವರ್ಷದಿಂದ ನಾನು ಬೇರೆ ಒಂದು ನೋಟುಪುಸ್ತಕ ಇಟ್ಟೆ. ದಾಖಲಾತಿ ಪುಸ್ತಕದ ತಾರೀಕು ಏನೇ ಇರಲಿ, ತಾಯಿ ಹೇಳಿದ ಮಾತನ್ನು ಹೇಳಿದಂತೆಯೇ ಅದರಲ್ಲಿ ಬರೆದಿಡುತ್ತಿದ್ದೆ. ಅದು ಈಗಲೂ ನನ್ನ ಹತ್ತಿರ ಇದೆ.

ರಾಧಾಕೃಷ್ಣನ್ ಅವರ ವಿಷಯಕ್ಕೇ ಮತ್ತೆ ಬರುತ್ತೇನೆ. ಅವರು ತತ್ತ್ವಶಾಸ್ತ್ರಕ್ಕೆ ಬಂದದ್ದು ಹೇಗೆ ಎಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಮನೆಯಲ್ಲಿ ಬಡತನ. ತಂದೆಯದ್ದು ಸಣ್ಣ ಸಂಬಳದ ನೌಕರಿ. ವಿದ್ಯಾರ್ಥಿವೇತನದಲ್ಲೇ ಓದು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಸೇರುವಾಗ ಯಾವ ವಿಷಯ ಎಂಬ ಪ್ರಶ್ನೆ ಬಂತು. ಅದೇ ಕಾಲೇಜಿನಲ್ಲಿ ಓದು ಮುಗಿಸಿದ್ದ ಸಂಬಂಧಿಕರೊಬ್ಬರು ತಮ್ಮ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಕೊಟ್ಟರು. ಪುಸ್ತಕ ಪುಕ್ಕಟೆ ಸಿಕ್ಕಿತು, ಆ ವಿಷಯವೇ ಗಟ್ಟಿಯಾಯಿತು. ನಿಮ್ಮ ಲೇಖನದಲ್ಲಿ ಈ ಜಾಗದಲ್ಲಿ ಒಂಬತ್ತನೇ ಮನೆ, ಅಂದರೆ ಭಾಗ್ಯದ ಮನೆ, ಇತ್ತು. ಯಾರೋ ಓದಿ ಮುಗಿಸಿದ, ಮೂಲೆ ಮಡಚಿದ, ಹಿಂದಿನವರ ಹೆಸರಿದ್ದ ಪುಸ್ತಕಗಳ ಒಂದು ಕಟ್ಟು ಇರಬೇಕಿತ್ತು, ಅಲ್ವಾ?

ಮೈಸೂರಿನ ಮೂರು ವರ್ಷದ ಬಗ್ಗೆಯೂ ಅಷ್ಟೇ. 1918ರಲ್ಲಿ ಅವರು ಮಹಾರಾಜಾ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ವಿಶ್ವವಿದ್ಯಾನಿಲಯ ಶುರುವಾಗಿ ಆಗ ಎರಡೇ ವರ್ಷ. ಎಂ. ಹಿರಿಯಣ್ಣನವರಂಥ ವಿದ್ವಾಂಸರು ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲ. 1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ಹುಡುಗರು ಸಾರೋಟಿಗೆ ಹೂವು ಕಟ್ಟಿ, ಕುದುರೆಯ ಬದಲು ತಾವೇ ಹೆಗಲು ಕೊಟ್ಟು ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದರು. ನಿಮ್ಮ ಲೇಖನ ಇದನ್ನು ರಾಜಯೋಗ ಅಂದಿದೆ. ನಾನು ಮೇಷ್ಟ್ರು ಕೆಲಸ ಮಾಡಿದವಳು. ಹುಡುಗರು ಸಾರೋಟು ಎಳೆಯೋದು ಸುಮ್ನೆ ಆಗಲ್ಲ. ಅದರ ಹಿಂದೆ ಮೂರು ವರ್ಷ ದಿನಾ ತರಗತಿಗೆ ಓದಿಕೊಂಡು ಹೋದದ್ದು ಇರುತ್ತದೆ, ಹುಡುಗರ ಹೆಸರು ನೆನಪಿಟ್ಟುಕೊಂಡದ್ದು ಇರುತ್ತದೆ. ಅದನ್ನು ಗ್ರಹದ ಲೆಕ್ಕಕ್ಕೆ ಬರೆದರೆ ಅವರ ದುಡಿಮೆಯನ್ನು ಅವರಿಂದ ಕಿತ್ತುಕೊಂಡ ಹಾಗೆ.

ಆಂಧ್ರ ಮತ್ತು ಬನಾರಸ್ ವಿಶ್ವವಿದ್ಯಾಲಯಗಳ ಕುಲಪತಿ, ಆಕ್ಸ್‌ಫರ್ಡ್‌ನ ಪ್ರಾಧ್ಯಾಪಕ, 1948ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷ. ಇವೆಲ್ಲ ನಿಮ್ಮ ಲೇಖನದಲ್ಲಿ ದಶೆ, ಅದರೊಳಗಿನ ಭುಕ್ತಿಗಳ ಪಟ್ಟಿಯಲ್ಲಿ ಒಂದೊಂದು ಸಾಲಾಗಿ ಬಂದಿವೆ. ಎಲ್ಲವೂ ಆದ ಮೇಲೆ ಹಿಂದಕ್ಕೆ ಹೊಂದಿಸಿದ್ದು. ಹಾಗೆ ಹೊಂದಿಸುವುದು ಕಷ್ಟವಲ್ಲ. ನಾನು 1887ರ ದಿನಕ್ಕೂ ಹೊಂದಿಸಿ ನೋಡಿದೆ. ಹೊಂದಿತು.

ಸೆಪ್ಟೆಂಬರ್ 5ನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. 1962ರಲ್ಲಿ ಅವರು ರಾಷ್ಟ್ರಪತಿಯಾದಾಗ ಅಭಿಮಾನಿಗಳು ಹುಟ್ಟುಹಬ್ಬ ಮಾಡುತ್ತೇವೆ ಅಂದರು. ನನ್ನ ಹುಟ್ಟುಹಬ್ಬ ಬೇಡ, ಅದನ್ನು ಶಿಕ್ಷಕರ ದಿನ ಮಾಡಿ ಅಂದರು. ಅವರು ತಮ್ಮ ದಿನವನ್ನು ಬಿಟ್ಟುಕೊಟ್ಟರು. ಅದು ನಿಜವಾದ ಹುಟ್ಟಿದ ದಿನವೋ ಅಲ್ಲವೋ, ನಮಗೆ ಅದು ಒಳ್ಳೆಯ ದಿನವೇ. ಗುಲಾಬಿ ಹೂ ಹಿಡಿದುಕೊಂಡು ಬರುವ ಮಕ್ಕಳನ್ನು ನೋಡಲು ನನಗೆ ಈಗಲೂ ಆಸೆ. ಆದರೆ ಆ ದಿನದ ಪತ್ರಿಕೆಯನ್ನು ಮಕ್ಕಳೂ ಓದುತ್ತಾರೆ. ಪ್ರಾರ್ಥನೆಯ ಹೊತ್ತಿನಲ್ಲಿ ಗಟ್ಟಿಯಾಗಿ ಓದಿಸುತ್ತಾರೆ. ಇಂಥ ಯೋಗ ಇದ್ದವರು ಮಾತ್ರ ಎಂಬ ಮಾತು ಒಂದು ಮಗುವಿನ ಕಿವಿಗೆ ಬಿದ್ದರೂ ಸಾಕು, ಮನೆಗೆ ಹೋಗಿ ನನ್ನ ಜಾತಕದಲ್ಲಿ ಏನಿದೆ ಅಂತ ಕೇಳುತ್ತದೆ. ಆ ಮನೆಯಲ್ಲಿ ಎಂಥ ಹಾಳೆ ಇದೆಯೋ.

ಮೂರು ವರ್ಷದ ಹಿಂದೆ ಸಂತೆಯಲ್ಲಿ ಆ ಹುಡುಗಿ ಸಿಕ್ಕಳು. ಈಗ ನಲವತ್ತರ ಹತ್ತಿರ. ತರಕಾರಿ ಮಾರುತ್ತಾಳೆ. ಲೆಕ್ಕ ಬಾಯಲ್ಲೇ, ಪಟಪಟ ಅಂತ. ನನಗೆ ಹಣ ಬೇಡ ಅಂದು ಒಂದು ಹಿಡಿ ಅವರೆಕಾಯಿ ಜಾಸ್ತಿಯೇ ಚೀಲಕ್ಕೆ ಸುರಿದಳು. ಆಮೇಲೆ ಕೇಳಿದಳು, "ಟೀಚರ್, ಆಧಾರ್‌ನಲ್ಲಿ ಜೂನ್ ಒಂದು ಅಂತ ಐತೆ. ನಾನು ನಿಜವಾಗ್ಲೂ ಹುಟ್ಟಿದ್ದು ಯಾವಾಗ ಅಂತ ನಿಮಗೆ ಗೊತ್ತಾ? ಅವ್ವ ಹೋಗ್ಬುಟ್ಳು, ಕೇಳೋಕೆ ಯಾರೂ ಇಲ್ಲ." ಅವಳ ತಾಯಿ ಹೇಳಿದ ಮಾತು ನನಗೆ ಇನ್ನೂ ಬಾಯಿಪಾಠ ಇತ್ತು. ಹಾಗೇ ಹೇಳಿದೆ. ಅವಳು ತಕ್ಕಡಿ ಕೆಳಗಿಟ್ಟು, "ಅವರೆಕಾಯಿ ಕಾಲ್ದಲ್ಲಾ?" ಎಂದು ಎರಡು ಸಲ ಕೇಳಿದಳು.

ಸಂಪಾದಕರೇ, ನನ್ನ ಬೇಡಿಕೆ ಸಣ್ಣದು. ಮುಂದೆ ಯಾರದ್ದೇ ಜಾತಕ ಅಚ್ಚು ಹಾಕುವಾಗ ಹುಟ್ಟಿದ ದಿನ ಎಲ್ಲಿಂದ ಸಿಕ್ಕಿತು, ಹೊತ್ತು ಯಾರು ನೋಡಿದ್ದು ಎಂದು ಕೆಳಗೆ ಒಂದು ಸಾಲು ಹಾಕಿ. ಗೊತ್ತಿಲ್ಲದಿದ್ದರೆ ನಮ್ಮಪ್ಪ ಮಾಡುತ್ತಿದ್ದ ಹಾಗೆ ಲಗ್ನದ ಜಾಗ ಖಾಲಿ ಬಿಡಿ.

ಇಂತಿ,
ಒಬ್ಬ ನಿವೃತ್ತ ಮುಖ್ಯ ಶಿಕ್ಷಕಿ
ಮೈಸೂರು ಜಿಲ್ಲೆ